ಜಾರುವ ಇಳಿಜಾರಿನ ಮೇಲೆ ಮೆಟ್ಟಿಲು: ಕಾಂಕ್ರೀಟ್ ಸುರಿದರೆ ನಿಲ್ಲುತ್ತಾ?

ಇಳಿಜಾರಿನ_ಮನೆ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ. ಚಿಕ್ಕದಾಗಿ ಕೇಳಿದರೆ "ಅಳತೆ ಹೇಳಿ, ಮಣ್ಣು ಎಂಥದ್ದು ಹೇಳಿ" ಅಂತಲೇ ನಾಲ್ಕು ಉತ್ತರ ಬರುತ್ತವೆ, ಅದಕ್ಕೆ.

ನಮ್ಮ ಮನೆ ಇಳಿಜಾರಿನ ತಲೆಯ ಮೇಲಿದೆ. ಹಿಂಬಾಗಿಲಿನಿಂದ ಅಂಚಿಗೆ 4 ಮೀಟರ್. ಅಂಚಿನಿಂದ ಕೆಳಗಿನ ಸಮತಟ್ಟು ಜಾಗಕ್ಕೆ 6 ಮೀಟರ್ ಇಳಿಯಬೇಕು. ಅಡ್ಡಕ್ಕೆ ಅಳೆದರೆ 14 ಮೀಟರ್. ನೀರು ತುಂಬಿದ ಟ್ಯೂಬ್ ಹಿಡಿದು ಮಟ್ಟ ನೋಡಿ ಅಳೆದದ್ದು, ಕಣ್ಣಂದಾಜು ಅಲ್ಲ. ಕೆಳಗೆ ತರಕಾರಿ ಮಡಿ, ಪಂಪ್ ಶೆಡ್ ಇವೆ. ಹಾಗಾಗಿ ದಿನವಿಡೀ ಓಡಾಟ. ನಮ್ಮ ಅತ್ತೆಯವರೂ ಇಳಿಯುತ್ತಾರೆ. ಅವರ ಮಂಡಿ ಗಟ್ಟಿಯಿಲ್ಲ, ಇಳಿಯಬೇಡಿ ಅಂದರೆ ಕೇಳುವವರೂ ಅಲ್ಲ.

ಈಗಿರುವುದು ಮಣ್ಣು ಕಡಿದು ಕಲ್ಲು ಚಪ್ಪಡಿ ಇಟ್ಟ ಹಳೇ ಮೆಟ್ಟಿಲು. ಪ್ರತಿ ಮಳೆಗಾಲ ಮುಗಿದ ಮೇಲೆ ನಡುವಿನ ಚಪ್ಪಡಿಗಳು ಮುಂದಕ್ಕೆ ವಾಲುತ್ತವೆ. ಹಿಂದೆ ಕೈ ತೂರುವಷ್ಟು ಸಂದು ಬೀಳುತ್ತದೆ. ಎತ್ತಿ ಸರಿ ಮಾಡುತ್ತೇವೆ, ಮತ್ತೆ ಅದೇ ಕತೆ. ಪಕ್ಕದ ಬೇಲಿ ಕಂಬಗಳೂ ಕೆಳಗಡೆಗೇ ವಾಲಿವೆ. ಅಂಚಿನಿಂದ ಒಂದೂವರೆ ಮೀಟರ್ ಒಳಗೆ, ಅಂದರೆ ಮನೆ ಕಡೆಗೆ, ಒಂದು ಸಣ್ಣ ಬಿರುಕು ಬಿಲ್ಲಿನ ಹಾಗೆ ಬಾಗಿಕೊಂಡು ಹೋಗಿದೆ. ಮಣ್ಣು ತುಂಬಿದ್ದೆವು, ಮತ್ತೆ ಬಾಯಿ ಬಿಟ್ಟಿದೆ. ಇಳಿಜಾರಿನ ಬುಡದಲ್ಲಿ ನೆಲ ಸ್ವಲ್ಪ ಉಬ್ಬಿದೆ. ಜೋರು ಮಳೆಯಾದ ಮೇಲೆ ಆ ಉಬ್ಬಿನ ಹತ್ತಿರ ನೀರು ಒಸರುತ್ತದೆ.

ಮೇಸ್ತ್ರಿ ಹೇಳುವುದು ಇಷ್ಟು: ಹಳೇದೆಲ್ಲ ಕಿತ್ತು ಹಾಕೋಣ, ಬುಡದ ಉಬ್ಬನ್ನು ಕಡಿದು ಮಟ್ಟ ಮಾಡೋಣ, ಸರಳು ಕಟ್ಟಿ ಮೇಲಿನಿಂದ ಕೆಳಗಿನವರೆಗೆ ಒಂದೇ ಕಾಂಕ್ರೀಟ್ ಮೆಟ್ಟಿಲು ಸುರಿಯೋಣ. "ಆ ಕಾಂಕ್ರೀಟೇ ಮಣ್ಣನ್ನು ಹಿಡಿದುಕೊಳ್ಳುತ್ತದೆ" ಅನ್ನುತ್ತಾರೆ. ನನಗೆ ಯಾಕೋ ಹೆದರಿಕೆ. ಅಷ್ಟು ಭಾರ ಹೇರಿದರೆ ಇಳಿಜಾರೇ ಕೆಳಗೆ ಬಂದುಬಿಟ್ಟರೆ? ಮನೆಯವರು "ಸುಮ್ನೆ ತಲೆ ಕೆಡಿಸಿಕೊಳ್ಳುತ್ತೀಯ" ಅಂತಾರೆ.

ಗೊತ್ತಿರುವವರು ಹೇಳಿ. ಕಾಂಕ್ರೀಟ್ ಸರಿಯಾ? ಆಳವಾದ ಪಾಯ ಹಾಕಿದರೆ ಸಾಕಾ?

ಸೆಂಟ್ರಿಂಗ್_ಸರಳು:

ಮೇಡಂ, ಹೆದರಬೇಡಿ. ಮೇಸ್ತ್ರಿ ಹೇಳಿದ್ದು ಪೂರ್ತಿ ತಪ್ಪಲ್ಲ. ಒಂದೇ ತುಂಡಿನ ಸ್ಲ್ಯಾಬ್ ಆದರೆ ಚಪ್ಪಡಿ ಥರ ಒಂದೊಂದೇ ವಾಲುವುದಿಲ್ಲ. ಎರಡೂ ಕಡೆ ಸರಳು ಹಾಕಿಸಿ. ಕೆಳ ತುದಿಯಲ್ಲಿ ಒಂದು ಮೀಟರ್ ಆಳದ ಹಲ್ಲು ಬಿಡಿಸಿ, ಅಂದರೆ ಸ್ಲ್ಯಾಬಿನ ಕೆಳಗೆ ನೆಲಕ್ಕೆ ಇಳಿಯುವ ಕಾಂಕ್ರೀಟ್ ಗೋಡೆ. ಅದು ಜಾರದಂತೆ ಹಿಡಿಯುತ್ತದೆ. ನಾನು ಇಂಥ ಬೇಕಾದಷ್ಟು ಸುರಿದಿದ್ದೇನೆ, ನಿಂತಿವೆ.

ಮಣ್ಣಿನ_ಲೆಕ್ಕ:

ಸೆಂಟ್ರಿಂಗ್ ಅವರೇ, ನೀವು ಸುರಿದ ಮೆಟ್ಟಿಲುಗಳು ನಿಂತಿರಬಹುದು. ನಿಂತ ನೆಲದ ಮೇಲೆ ಸುರಿದದ್ದು ನಿಲ್ಲುತ್ತದೆ. ಇವರು ಹೇಳುತ್ತಿರುವುದು ನಡೆಯುತ್ತಿರುವ ನೆಲದ ಬಗ್ಗೆ.

ಮೇಡಂ, ನಾನು ಮಣ್ಣು ಪರೀಕ್ಷೆ, ಇಳಿಜಾರು ಕೆಲಸದಲ್ಲೇ ಇರುವವನು. ನಿಮ್ಮ ಬರಹದಲ್ಲಿ ಬೇಕಾದದ್ದೆಲ್ಲ ಇದೆ. ವಾಲಿದ ಕಂಬ, ತಲೆಯ ಬಳಿ ಬಿಲ್ಲಿನಾಕಾರದ ಬಿರುಕು, ಬುಡದಲ್ಲಿ ಉಬ್ಬು, ಉಬ್ಬಿನ ಹತ್ತಿರ ಒಸರು. ಇವು ನಾಲ್ಕು ಬೇರೆ ಬೇರೆ ತೊಂದರೆ ಅಲ್ಲ. ಮೇಲೆ ಎಳೆದುಕೊಂಡಿದೆ, ಕೆಳಗೆ ತಳ್ಳಿಕೊಂಡಿದೆ. ನಡುವಿನ ಮಣ್ಣು ನಿಧಾನಕ್ಕೆ ಇಳಿಯುತ್ತಿದೆ. ಚಪ್ಪಡಿ ಜಾರಿದ್ದಲ್ಲ, ಚಪ್ಪಡಿ ಕೂತ ಮಣ್ಣೇ ಜಾರಿದ್ದು.

ಮೊದಲು ಭಾರದ ಹೆದರಿಕೆ ಮುಗಿಸೋಣ. 6 ಮೀಟರ್ ಎತ್ತರಕ್ಕೆ 15 ಸೆಂಟಿಮೀಟರಿನ 40 ಮೆಟ್ಟಿಲು ಬೇಕು. 1.2 ಮೀಟರ್ ಅಗಲ, 15 ಸೆಂಟಿಮೀಟರ್ ದಪ್ಪದ ಸ್ಲ್ಯಾಬ್ ಅಂದುಕೊಂಡರೆ ಒಟ್ಟು ಕಾಂಕ್ರೀಟ್ ಸುಮಾರು 4 ಘನ ಮೀಟರ್. ತೂಕ 10 ಟನ್ನಿಗೆ ಹತ್ತಿರ. ಈಗ ಜಾರುತ್ತಿರುವ ಮಣ್ಣಿನ ತೂಕ ನೋಡಿ. 14 ಮೀಟರ್ ಉದ್ದಕ್ಕೆ ಒಂದೂವರೆ ಮೀಟರ್ ಆಳ, ಬರೀ 5 ಮೀಟರ್ ಅಗಲದ ಪಟ್ಟಿ ಅಂದರೂ 105 ಘನ ಮೀಟರ್, ಸುಮಾರು 200 ಟನ್. ಅಂದರೆ ಮೆಟ್ಟಿಲಿನ ಭಾರ ಇಳಿಜಾರನ್ನು ಬೀಳಿಸುವಷ್ಟು ದೊಡ್ಡದಲ್ಲ. ಅದೇ ಲೆಕ್ಕ ತಿರುಗಿಸಿ ಓದಿ: 10 ಟನ್ನಿನ ಕಾಂಕ್ರೀಟ್ 200 ಟನ್ ಮಣ್ಣನ್ನು ಹಿಡಿದುಕೊಳ್ಳುವುದೂ ಇಲ್ಲ. ಅದರ ಜೊತೆ ಕೆಳಗೆ ಹೋಗುತ್ತದೆ. ಹಲ್ಲು ಒಂದು ಮೀಟರ್ ಆಳ ಇದ್ದು, ಜಾರುವ ಪದರ ಒಂದೂವರೆ ಮೀಟರ್ ಆಳದಲ್ಲಿದ್ದರೆ ಹಲ್ಲೂ ಜಾರುವ ಮಣ್ಣಿನ ಒಳಗೇ ಇರುತ್ತದೆ, ಅಲ್ವಾ?

ಹಾಗಾದರೆ ಯಾವುದು ಮುಖ್ಯ? ನೀರು. ಇದನ್ನು ಎಷ್ಟು ಹೇಳಿದರೂ ಜನ ನಂಬುವುದಿಲ್ಲ, ಅದಕ್ಕೆ ಅಂಕಿಯಲ್ಲೇ ತೋರಿಸುತ್ತೇನೆ.

ಇಳಿಜಾರಿನ ಲೆಕ್ಕದಲ್ಲಿ ನಾವು ನೋಡುವುದು ಒಂದು ಭಾಗಾಕಾರ: ಮಣ್ಣನ್ನು ಹಿಡಿದಿಡುವ ಬಲ ಎಷ್ಟು, ಅದನ್ನು ಕೆಳಗೆ ಎಳೆಯುವ ಬಲ ಎಷ್ಟು. 1 ಬಂದರೆ ಅಂಚಿನಲ್ಲಿದೆ. ಕಾಯಂ ಕಟ್ಟಡದ ಹತ್ತಿರದ ಇಳಿಜಾರಿಗೆ ಸಾಮಾನ್ಯವಾಗಿ 1.5 ಕೇಳುತ್ತೇವೆ. ನಿಮ್ಮ ಇಳಿಜಾರು 14ಕ್ಕೆ 6, ಅಂದರೆ 23 ಡಿಗ್ರಿ ಚಿಲ್ಲರೆ. ಮಣ್ಣಿನ ಘರ್ಷಣೆ ಕೋನ (ಕಣಗಳು ಒಂದಕ್ಕೊಂದು ಉಜ್ಜಿ ಹಿಡಿಯುವ ಶಕ್ತಿಯ ಅಳತೆ) 30 ಡಿಗ್ರಿ, ಅಂಟು (ಒತ್ತಡ ಇಲ್ಲದೆಯೂ ಕಣಗಳು ಕಚ್ಚಿಕೊಳ್ಳುವ ಬಲ) 5 ಕಿಲೋಪ್ಯಾಸ್ಕಲ್, ತೂಕ ಘನ ಮೀಟರಿಗೆ 19 ಕಿಲೋನ್ಯೂಟನ್, ಜಾರುವ ಪದರ 1.5 ಮೀಟರ್ ಆಳದಲ್ಲಿ ಅಂತ ಇಟ್ಟುಕೊಳ್ಳುತ್ತೇನೆ. ಇವು ನನ್ನ ಊಹೆ, ನಿಮ್ಮ ಮಣ್ಣನ್ನು ನಾನು ಮುಟ್ಟಿಲ್ಲ. ಆದರೂ ಫಲಿತಾಂಶದ ನಡೆ ನೋಡಿ.

ಒಣಗಿದ್ದಾಗ: ಸುಮಾರು 1.8.
ಮಳೆ ಬಂದು ನೀರು ನೆಲದ ಮೇಲ್ಮೈವರೆಗೆ ತುಂಬಿ ಇಳಿಜಾರಿನ ಉದ್ದಕ್ಕೆ ಹರಿಯುತ್ತಿದ್ದಾಗ: ಸುಮಾರು 1.1.
ಅದೇ ನೀರಿನ ಮಟ್ಟವನ್ನು ಅರ್ಧ ಆಳಕ್ಕೆ ಇಳಿಸಿದರೆ: 1.5ಕ್ಕೆ ತೀರಾ ಹತ್ತಿರ.

ಬೇಸಿಗೆಯಲ್ಲಿ ನಿಮ್ಮ ಮೆಟ್ಟಿಲು ಅಲುಗಾಡದೆ ನಿಲ್ಲುವುದು, ಮಳೆಗಾಲ ಮುಗಿದ ಮೇಲೆ ಸಂದು ಬೀಳುವುದು ಇದಕ್ಕೇ. 1.1 ಅಂದರೆ ಕುಸಿದಿಲ್ಲ, ಆದರೆ ನೆಮ್ಮದಿಯಾಗೂ ಇಲ್ಲ.

ನೀರು ಮಣ್ಣನ್ನು ಎಣ್ಣೆ ಹಾಗೆ ಜಾರಿಸುತ್ತದೆ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಮಣ್ಣಿನ ಕಣಗಳು ಒಂದನ್ನೊಂದು ಒತ್ತಿಕೊಂಡಿರುವುದರಿಂದ ಘರ್ಷಣೆ ಹುಟ್ಟುತ್ತದೆ. ಸಂದಿನಲ್ಲಿ ತುಂಬಿದ ನೀರಿನ ಒತ್ತಡ ಆ ಒತ್ತುವಿಕೆಯಲ್ಲಿ ಪಾಲು ಕಿತ್ತುಕೊಳ್ಳುತ್ತದೆ. ಭಾರ ಅಷ್ಟೇ ಇರುತ್ತದೆ, ಹಿಡಿತ ಮಾತ್ರ ಕಡಿಮೆಯಾಗುತ್ತದೆ. ಕಾರ್ಲ್ ಟೆರ್ಜಾಗಿ ಅನ್ನುವ ಎಂಜಿನಿಯರ್ 1920ರ ದಶಕದಲ್ಲಿ ಇದನ್ನು ಸೂತ್ರಕ್ಕೆ ತಂದರು. ನಮ್ಮ ಇಡೀ ವಿದ್ಯೆ ನಿಂತಿರುವುದು ಅದರ ಮೇಲೆ.

ಈಗ ಮಾಡಬಾರದ ಕೆಲಸ. ಬುಡದ ಉಬ್ಬನ್ನು ಮುಟ್ಟಲೇಬೇಡಿ. ನೋಡಲು ಚೆನ್ನಾಗಿಲ್ಲ, ನಿಜ. ಆದರೆ ಸದ್ಯಕ್ಕೆ ಮೇಲಿನ ಮಣ್ಣಿಗೆ ಒತ್ತು ಕೊಟ್ಟು ನಿಂತಿರುವುದೇ ಅದು. ಮೇಸ್ತ್ರಿ ಹೇಳಿದ ಮೂರು ಮಾತಿನಲ್ಲಿ ನನಗೆ ಅತಿ ಹೆದರಿಕೆ ತಂದದ್ದು ಕಾಂಕ್ರೀಟ್ ಅಲ್ಲ, "ಕಡಿದು ಮಟ್ಟ ಮಾಡೋಣ" ಅನ್ನುವುದು. ಹಾಗೇ, ಅಗೆದ ಮಣ್ಣನ್ನು ಮೇಲಿನ ಅಂಚಿನಲ್ಲಿ ಗುಡ್ಡೆ ಹಾಕಬೇಡಿ. ಒಂದು ಘನ ಮೀಟರ್ ಸಡಿಲ ಮಣ್ಣೂ ಒಂದೂವರೆ ಟನ್ನಿನ ಆಸುಪಾಸು ತೂಗುತ್ತದೆ. ತಲೆಯ ಮೇಲಿನ ಭಾರ ಇಳಿಜಾರಿಗೆ ಕೆಟ್ಟದ್ದು, ಬುಡದ ಭಾರ ಒಳ್ಳೆಯದು. ಇಳಿಜಾರಿನ ಮೇಲೆ ಮರ ಇದ್ದರೆ ಅದನ್ನೂ ಕಡಿಯಬೇಡಿ. ಕಡಿದ ತಕ್ಷಣ ಏನೂ ಆಗುವುದಿಲ್ಲ. ಕೆಲವು ವರ್ಷದಲ್ಲಿ ಬೇರು ಕೊಳೆತ ಮೇಲೆ ಹಿಡಿತ ಹೋಗುತ್ತದೆ, ಆಗ ಯಾರಿಗೂ ಮರದ ನೆನಪಿರುವುದಿಲ್ಲ.

ಬಿರುಕಿನ ವಿಚಾರ ಬೇರೆಯಾಗಿ ಹೇಳಬೇಕು. ಒಂದು ಮೀಟರ್ ಆಳದ ಬಿರುಕಿನಲ್ಲಿ ನೀರು ತುಂಬಿದರೆ ಅದು ಪ್ರತಿ ಮೀಟರ್ ಉದ್ದಕ್ಕೆ ಸುಮಾರು ಅರ್ಧ ಟನ್ ಬಲದಿಂದ ಇಳಿಜಾರನ್ನು ಹೊರಗೆ ತಳ್ಳುತ್ತದೆ. ಸಡಿಲ ಮಣ್ಣು ತುಂಬಿದರೆ ನೀರು ಇಳಿಯುವುದು ತಪ್ಪುವುದಿಲ್ಲ. ಜೇಡಿ ಮಣ್ಣನ್ನು ಸ್ವಲ್ಪ ಒದ್ದೆ ಮಾಡಿ ಸರಳಿನಿಂದ ಕುಟ್ಟಿ ಕುಟ್ಟಿ ತುಂಬಿ. ಮೇಲೆ ಸ್ವಲ್ಪ ಉಬ್ಬಿಸಿ ಬಿಡಿ, ನೀರು ನಿಲ್ಲಬಾರದು. ಮಳೆಗಾಲಕ್ಕೆ ಮೇಲೊಂದು ಟಾರ್ಪಾಲು ಹಾಸಿದರೂ ತಪ್ಪಿಲ್ಲ. ಬಿರುಕಿನ ಎರಡೂ ಬದಿಗೆ ಒಂದೊಂದು ಗೂಟ ಹೊಡೆದು ನಡುವಿನ ಅಂತರ ಅಳೆದು ಬರೆದಿಡಿ. ಜೋರು ಮಳೆಯ ನಂತರ ಮತ್ತೆ ಅಳೆಯಿರಿ.

ಮನೆ 4 ಮೀಟರಿನಲ್ಲಿದೆ, ಬಿರುಕು ಅದರ ನಡುವೆ ಬಂದಿದೆ. ಹಾಗಾಗಿ ಒಬ್ಬ ಜಿಯೋಟೆಕ್ನಿಕಲ್ ಎಂಜಿನಿಯರ್, ಅಂದರೆ ಮಣ್ಣು, ಇಳಿಜಾರು ಪರೀಕ್ಷೆ ಮಾಡುವವರು, ಬಂದು ನೋಡಲೇಬೇಕು. ಇದನ್ನು ನಾನು ಎಲ್ಲರಿಗೂ ಹೇಳುವುದಿಲ್ಲ, ನಿಮಗೆ ಹೇಳುತ್ತಿದ್ದೇನೆ. ಅವರ ಹತ್ತಿರ "ಮೆಟ್ಟಿಲು ಕಟ್ಟಬಹುದಾ" ಅಂತ ಕೇಳಬೇಡಿ. ಜಾರುವ ಪದರ ಎಷ್ಟು ಆಳದಲ್ಲಿದೆ, ಮಳೆಯಲ್ಲಿ ನೀರಿನ ಮಟ್ಟ ಎಲ್ಲಿಗೆ ಬರುತ್ತದೆ, ಒಣಗಿದ್ದಾಗ ಮತ್ತು ತುಂಬಿದ್ದಾಗ ಆ ಭಾಗಾಕಾರ ಎಷ್ಟು ಬರುತ್ತದೆ, ಅಂತ ಕೇಳಿ. ಇದನ್ನು ಬರೆದು ಕೊಡದ ವರದಿಗೆ ದುಡ್ಡು ಕೊಡಬೇಡಿ.

ಅವರು ಬರುವ ಮೊದಲು ನೀವೇ ಎರಡು ಕೆಲಸ ಮಾಡಿ, ಅವರಿಗೂ ಅನುಕೂಲ. ಒಂದು: ಮನೆಯ ನೀರು ಎಲ್ಲೆಲ್ಲಿ ಹೋಗುತ್ತದೆ ನೋಡಿ. ಛಾವಣಿ ಪೈಪು, ಬಚ್ಚಲ ನೀರು, ಇಂಗುಗುಂಡಿ, ಸೆಪ್ಟಿಕ್ ಟ್ಯಾಂಕ್, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆಯಿರಿ. ಎರಡು: ಇಳಿಜಾರಿನ ನಡುಮಟ್ಟದಲ್ಲಿ ಅಡ್ಡಕ್ಕೆ ಒಂದು ಸಾಲು ಗೂಟ ಹೊಡೆಯಿರಿ. ಎರಡೂ ತುದಿಯ ಗೂಟ ಅಲುಗಾಡದ ನೆಲದಲ್ಲಿರಲಿ. ದಾರ ಬಿಗಿದು ಎಲ್ಲ ಗೂಟಗಳೂ ದಾರಕ್ಕೆ ತಾಗುವ ಹಾಗೆ ನಿಲ್ಲಿಸಿ. ಮಳೆ ಕಳೆದ ಮೇಲೆ ಯಾವ ಗೂಟ ದಾರದಿಂದ ಕೆಳಗೆ ಸರಿದಿದೆಯೋ, ಜಾರುವ ಪಟ್ಟಿ ಅಲ್ಲಿದೆ. ಮೆಟ್ಟಿಲಿಗೆ ಜಾಗ ಆರಿಸಲು ಇದಕ್ಕಿಂತ ಅಗ್ಗದ ಉಪಾಯ ಇಲ್ಲ.

ತೋಟದ_ದಾರಿ:

ನಮ್ಮಲ್ಲಿ ಇಂಥದ್ದೇ ದಿಬ್ಬಕ್ಕೆ ಮರದ ಚೌಕಟ್ಟು ಮಾಡಿ ಒಳಗೆ ಜಲ್ಲಿ ತುಂಬಿದ ಮೆಟ್ಟಿಲು ಹಾಕಿದ್ದೇವೆ. ಕಾಂಕ್ರೀಟಿನ ರಗಳೆಯೇ ಇಲ್ಲ. ಯಾವುದಾದರೂ ವಾಲಿದರೆ ಅದೊಂದನ್ನೇ ಬಿಚ್ಚಿ ಮಟ್ಟ ಮಾಡಿ ಮತ್ತೆ ತುಂಬುತ್ತೇವೆ. ನೀರೂ ಜಲ್ಲಿಯಲ್ಲಿ ಇಂಗಿ ಹೋಗುತ್ತದೆ, ಮೆಟ್ಟಿಲ ಮೇಲೆ ನಿಲ್ಲುವುದಿಲ್ಲ. ಇದನ್ನೇ ಮಾಡಿ.

ಇನ್ನೊಂದು: ನೇರವಾಗಿ ಇಳಿಸುವ ಬದಲು ಅಡ್ಡಡ್ಡ ತಿರುವು ಹಾಕಿ ಇಳಿಸಿದರೆ ಅತ್ತೆಯವರಿಗೂ ಸಲೀಸು.

ಇಳಿಜಾರಿನ_ಮನೆ:

ಇಷ್ಟು ಬಿಡಿಸಿ ಹೇಳಿದ್ದಕ್ಕೆ ಎಲ್ಲರಿಗೂ ಥ್ಯಾಂಕ್ಸ್. ಮಣ್ಣಿನ ಲೆಕ್ಕ ಸರ್, ನೀವು ಹೇಳಿದ ಹಾಗೆ ಹಾಳೆ ಹಿಡಿದು ಮನೆ ಸುತ್ತ ಸುತ್ತಿದೆ. ಹಿಂದಿನ ಅರ್ಧ ಛಾವಣಿಯ ನೀರು ಒಂದೇ ಪೈಪಿನಲ್ಲಿ ಇಳಿದು ಹಿತ್ತಲ ಅಂಚಿಗೇ ಬೀಳುತ್ತದೆ. ಅಲ್ಲಿ ಬಾಳೆ ಇದೆ, "ಬಾಳೆಗೆ ನೀರಾಯಿತು" ಅಂತ ಯಾರೋ ಆವಾಗ ಇಟ್ಟದ್ದು. ಬಟ್ಟೆ ಒಗೆಯುವ ಕಲ್ಲಿನ ನೀರೂ ಅಲ್ಲಿಗೇ. ಸೆಪ್ಟಿಕ್ ಟ್ಯಾಂಕ್ ಮಾತ್ರ ಮನೆ ಮುಂದೆ ಇದೆ, ಸದ್ಯ.

ಮೇಸ್ತ್ರಿಗೆ ಉಬ್ಬಿನ ವಿಷಯ ಹೇಳಿದೆ. ಮೊದಲು ನಕ್ಕರು. ಆಮೇಲೆ ಬುಡದಲ್ಲಿ ನಿಂತು ಮೇಲೆ ಸ್ವಲ್ಪ ಹೊತ್ತು ನೋಡಿ, "ಹೌದು, ಇದು ಗೋಡೆ ಕೆಲಸ ಮಾಡ್ತಾ ಇದೆ" ಅಂದರು. ಈಗ ಅವರೂ ನಮ್ಮ ಕಡೆ. ಎಂಜಿನಿಯರ್‌ಗೆ ಹೇಳಿಯಾಗಿದೆ.

ಇನ್ನೂ ಒಂದು ವಿಷಯ ಇದೆ. ಹಳೇ ಮೆಟ್ಟಿಲಿನಿಂದ ನಾಲ್ಕೈದು ಮೀಟರ್ ಪಕ್ಕಕ್ಕೆ ಕಲ್ಲು ಬಂಡೆ ನೆಲದಿಂದ ಹೊರಗೆ ಕಾಣುವ ಜಾಗ ಇದೆ. ಅಲ್ಲಿನ ಬೇಲಿ ಕಂಬಗಳು ನೆಟ್ಟಗೇ ಇವೆ. ಮೆಟ್ಟಿಲನ್ನು ಅಲ್ಲಿಗೆ ಸರಿಸಬಹುದಾ? ಹಿಂಬಾಗಿಲಿನಿಂದ ಸ್ವಲ್ಪ ಸುತ್ತು ಆಗುತ್ತದೆ.

ಜಲ್ಲಿ ಮೆಟ್ಟಿಲು ನನಗೆ ಇಷ್ಟವಾಯಿತು. ಆದರೆ ನೀರು ಇಂಗುವುದು ಒಳ್ಳೆಯದಾ ಕೆಟ್ಟದ್ದಾ ಅಂತ ಈಗ ಅನುಮಾನ.

ಮಣ್ಣಿನ_ಲೆಕ್ಕ:

ನಿಮ್ಮ ಅನುಮಾನ ಸರಿಯಾಗಿದೆ. ಜಲ್ಲಿ ಮೆಟ್ಟಿಲು ಒಳ್ಳೆಯ ಮೆಟ್ಟಿಲೇ. ಬಾಗುತ್ತದೆ, ಒಡೆಯುವುದಿಲ್ಲ, ರಿಪೇರಿ ಸುಲಭ. ಜಾರುವ ನೆಲಕ್ಕೆ ಬಿಗಿಯಾದ ಕಟ್ಟಡಕ್ಕಿಂತ ಸಡಿಲ ಜೋಡಣೆ ಯಾವಾಗಲೂ ವಾಸಿ. ಆದರೆ ಕೆಳಗೆ ಏನೂ ಹಾಸದೆ ಜಲ್ಲಿ ತುಂಬಿದರೆ 40 ಮೆಟ್ಟಿಲು ಅಂದರೆ 40 ಇಂಗುಗುಂಡಿ. ನಾವು ಹೊರಗೆ ಹಾಕಬೇಕು ಅಂತಿರುವ ನೀರನ್ನು ಇಳಿಜಾರಿನ ಹೊಟ್ಟೆಗೇ ಕುಡಿಸಿದ ಹಾಗೆ. ಹಾಕುವುದಾದರೆ ಪ್ರತಿ ಚೌಕಟ್ಟಿನ ತಳವನ್ನು ಜೇಡಿ ಮಣ್ಣಿನಿಂದ ಕುಟ್ಟಿ ಗಟ್ಟಿ ಮಾಡಿ, ಮುಂದಕ್ಕೆ ಸ್ವಲ್ಪ ಇಳಿಜಾರು ಕೊಡಿ, ಮೇಲೆ ದಪ್ಪ ಪ್ಲಾಸ್ಟಿಕ್ ಹಾಸಿ. ನೀರು ಮುಂದಿನ ಸಂದಿನಿಂದ ಹೊರಬಂದು ಪಕ್ಕದ ಕಾಲುವೆಗೆ ಬೀಳಲಿ.

ತಿರುವು ಹಾಕುವ ಸಲಹೆಗೆ ನನ್ನ ಒಪ್ಪಿಗೆ ಇಲ್ಲ. ಗಟ್ಟಿ ನೆಲದಲ್ಲಿ ಅದು ಸರಿ. ಇಲ್ಲಿ ಅಡ್ಡಕ್ಕೆ ದಾರಿ ಮಾಡಬೇಕು ಅಂದರೆ ಒಳಬದಿ ಕಡಿಯಬೇಕು, ಹೊರಬದಿ ತುಂಬಬೇಕು. ಪ್ರತಿ ತಿರುವೂ ಅದರ ಮೇಲಿನ ಮಣ್ಣಿಗೆ ಬುಡ ಕಡಿದ ಹಾಗೇ. ನೇರ ಇಳಿದರೆ ಏನಾಗುತ್ತದೆ ನೋಡಿ: ನಿಮ್ಮ ಇಳಿಜಾರು 14ಕ್ಕೆ 6. 15 ಸೆಂಟಿಮೀಟರ್ ಎತ್ತರ, 35 ಸೆಂಟಿಮೀಟರ್ ಅಗಲದ ಮೆಟ್ಟಿಲಿನ ಅನುಪಾತವೂ ಅದೇ. ಮೆಟ್ಟಿಲು ಸಾಲು ನೆಲದ ಮೇಲೆ ಹಾಗೇ ಮಲಗುತ್ತದೆ, ಕಡಿತವೇ ಇಲ್ಲ ಅನ್ನಬಹುದು. ಎತ್ತರದ ಎರಡರಷ್ಟಕ್ಕೆ ಅಗಲ ಕೂಡಿದರೆ 65 ಸೆಂಟಿಮೀಟರ್, ಹೆಜ್ಜೆಗೂ ಹೊಂದುತ್ತದೆ. ಅತ್ತೆಯವರಿಗೆ ಬೇಕಿರುವುದು ತಿರುವಲ್ಲ. ಹತ್ತು ಮೆಟ್ಟಿಲಿಗೊಂದು ನಿಲ್ಲುವ ಜಾಗ ಮತ್ತು ಹಿಡಿಯಲು ರೇಲಿಂಗ್. ನಿಲ್ಲುವ ಜಾಗಗಳಿಗೆ ಮೂರು ಮೀಟರ್ ಹೆಚ್ಚಿಗೆ ಉದ್ದ ಬೇಕಾಗುತ್ತದೆ. ಅದನ್ನು ಕೆಳಗಿನ ಸಮತಟ್ಟಿನ ಕಡೆಗೆ ಚಾಚಿ, ಮೇಲೆ ಅಂಚನ್ನು ಕೊರೆಯಬೇಡಿ. ಹಾಗೆ ಚಾಚಿದಾಗ ಕೆಳಭಾಗದ ಮೆಟ್ಟಿಲು ನೆಲದಿಂದ ಎತ್ತರಕ್ಕೆ ಬರುತ್ತದೆ, ಕಂಬ ಬೇಕಾಗುತ್ತದೆ. ಕಡಿಯುವುದಕ್ಕಿಂತ ಅದು ಮೇಲು.

ಬಂಡೆ ಕಡೆಗೆ ಸರಿಸುವ ಯೋಚನೆ ಈ ಇಡೀ ಚರ್ಚೆಯಲ್ಲೇ ಅತ್ಯುತ್ತಮ. ಒಂದೇ ಎಚ್ಚರಿಕೆ: ಕಾಣುವ ಕಲ್ಲು ನೆಲದ ಬಂಡೆಯೋ, ಮೇಲಿನಿಂದ ಉರುಳಿ ಬಂದು ಮಣ್ಣಿನಲ್ಲಿ ಹೂತ ದೊಡ್ಡ ಗುಂಡೋ ನೋಡಬೇಕು. ಹಾರೆಯಿಂದ ಸುತ್ತ ಕೆದಕಿ. ಅಂಚು ಸಿಗದೆ ಹರಡಿಕೊಂಡೇ ಹೋದರೆ ಬಂಡೆ ಇರಬಹುದು. ಅಂಚು ಸಿಕ್ಕಿ ಕೆಳಗೆ ಮಣ್ಣು ಬಂದರೆ ಗುಂಡು. ಕಂಬಗಳು ನೆಟ್ಟಗಿರುವುದು ಒಳ್ಳೆಯ ಸಾಕ್ಷಿ, ಆದರೂ ಎಂಜಿನಿಯರ್ ಅಲ್ಲೂ ಒಂದು ಕಡೆ ಕೊರೆದು ನೋಡಲಿ. ಸುತ್ತು ಜಾಸ್ತಿಯಾದರೆ ಆಗಲಿ.

ಬಾಳೆಯ ನೀರಿನ ಪೈಪನ್ನು ಮಾತ್ರ ಯಾರಿಗೂ ಕಾಯದೆ ಇವತ್ತೇ ತಿರುಗಿಸಿ. 60 ಚದರ ಮೀಟರ್ ಛಾವಣಿ ಅಂದುಕೊಳ್ಳಿ, 50 ಮಿಲಿಮೀಟರ್ ಮಳೆಯಾದ ದಿನ ಅದರಿಂದ 3,000 ಲೀಟರ್ ಬೀಳುತ್ತದೆ. ಮೂರು ಟನ್ ನೀರು, ಬಿರುಕಿನ ನೆತ್ತಿಯ ಮೇಲೆ.

ಮೇಲಿನಿಂದ ಹರಿದು ಬರುವ ನೀರು ಹಿಡಿಯಲು ಒಂದು ಕಾಲುವೆ ಬೇಕು. ಅದನ್ನು ಬಿರುಕಿನಿಂದ ಮನೆ ಕಡೆಗೆ ಮಾಡಿ, ಅಂಚಿನ ಕಡೆಗೆ ಅಲ್ಲ. ಆಳ ಬೇಡ, ತಳ ಸೋರಬಾರದು. 10 ಮೀಟರಿಗೆ 10 ಸೆಂಟಿಮೀಟರ್ ಇಳಿತ ಕೊಟ್ಟರೆ ಸಾಕು. ಅಲ್ಲಿಂದ ಕೆಳಗೆ ಮುಚ್ಚಿದ ಪೈಪಿನಲ್ಲೇ ಇಳಿಸಿ. ತೂತಿನ ಪೈಪು ಬೇಡ. ಪೈಪನ್ನು ಹೂಳದೆ ನೆಲದ ಮೇಲೇ ಬಿಡಿ, ಜೋಡಣೆ ಬಿಟ್ಟರೆ ಕಣ್ಣಿಗೆ ಕಾಣಬೇಕು. ನೀರು ಉಬ್ಬಿನ ಆಚೆ ದೂರಕ್ಕೆ ಬೀಳಲಿ.

ಇದು ಮೇಲಿನ ನೀರಿಗೆ. ಒಳಗಿನ ನೀರನ್ನು ಇಳಿಸಬೇಕು ಅಂದರೆ ಇಳಿಜಾರಿನ ಉದ್ದಕ್ಕೆ, ಮೇಲಿನಿಂದ ಕೆಳಗೆ, ಆಳದ ಜಲ್ಲಿ ಕಾಲುವೆ ಬೇಕಾಗುತ್ತದೆ. ಒಳಗೆ ಜಿಯೋಟೆಕ್ಸ್‌ಟೈಲ್ ಬಟ್ಟೆ (ನೀರು ಬಿಟ್ಟು ಮಣ್ಣು ತಡೆಯುವಂಥದ್ದು), ಜಲ್ಲಿ, ತಳದಲ್ಲಿ ತೂತಿನ ಪೈಪು. ನಾನು ಮೊದಲು ಕೊಟ್ಟ ಲೆಕ್ಕದಲ್ಲಿ 1.1 ಅನ್ನು 1.5ರ ಹತ್ತಿರ ತರುವುದು ಇದೇ. ಆದರೆ ಇದನ್ನು ನೀವೇ ಅಗೆಸಬೇಡಿ. ಜಾರುವ ಮಣ್ಣಿನಲ್ಲಿ ಒಂದೂವರೆ ಮೀಟರ್ ಆಳದ ಗುಂಡಿಯೊಳಗೆ ಆಳು ಇಳಿಯುವುದು ಜೀವಕ್ಕೆ ಅಪಾಯ. ಒಣಗಾಲದಲ್ಲಿ, ಬುಡದಿಂದ ಶುರು ಮಾಡಿ, ಸ್ವಲ್ಪ ಸ್ವಲ್ಪ ಉದ್ದ ಅಗೆದು ಅವತ್ತವತ್ತೇ ತುಂಬುತ್ತಾ ಹೋಗುವ ಕೆಲಸ. ಗೊತ್ತಿರುವವರೇ ಮಾಡಬೇಕು.

ವೆಲ್ಡಿಂಗ್_ಕಿಡಿ:

ಕಬ್ಬಿಣದ ಮಾತು ಇನ್ನೂ ಯಾರೂ ಎತ್ತಿಲ್ಲ, ಅದಕ್ಕೆ ಬಂದೆ. ಇಳಿಜಾರಿನಲ್ಲಿ ಕಬ್ಬಿಣದ ಮೆಟ್ಟಿಲು ಕೂರಿಸುವುದು ನನ್ನ ಕೆಲಸ.

ಕಬ್ಬಿಣದ ಗುಣ ಏನೆಂದರೆ ನೆಲವನ್ನು ಹೆಚ್ಚು ಕಡೆ ಮುಟ್ಟುವುದಿಲ್ಲ. ನಿಮ್ಮ 40 ಮೆಟ್ಟಿಲನ್ನು ಹತ್ತತ್ತರ ನಾಲ್ಕು ತುಂಡು ಮಾಡಿ. ಪ್ರತಿ ತುಂಡಿಗೆ ಎರಡು ಚಾನಲ್ (ಕಬ್ಬಿಣದ ತೊಲೆ), ಮೇಲೊಂದು ಕಟ್ಟೆ, ಕೆಳಗೊಂದು ಕಟ್ಟೆ. ನಾಲ್ಕನ್ನೂ ಒಂದಕ್ಕೊಂದು ವೆಲ್ಡ್ ಮಾಡಬೇಡಿ. ಮಾಡಿದರೆ ಒಂದು ಕಡೆ ನೆಲ ಸರಿದದ್ದು ಇಡೀ ಸಾಲಿಗೆ ಹರಡುತ್ತದೆ, ರೇಲಿಂಗ್ ಕೂಡ ತಿರುಚಿಕೊಳ್ಳುತ್ತದೆ. ತುಂಡಿನ ಮೇಲ್ತುದಿಗೆ ಬೋಲ್ಟ್ ಬಿಗಿ, ಕೆಳತುದಿಗೆ ಉದ್ದ ತೂತಿನಲ್ಲಿ ಬೋಲ್ಟ್. ನೆಲ ಎರಡು ಮೂರು ಸೆಂಟಿಮೀಟರ್ ಸರಿದರೂ ಕೆಳತುದಿ ಜಾರಿಕೊಂಡು ಹೊಂದಿಕೊಳ್ಳುತ್ತದೆ. ಕಟ್ಟೆ ತಗ್ಗಿದರೆ ಜಾಕಿ ಕೊಟ್ಟು ಎತ್ತಿ ಬೇಸ್‌ಪ್ಲೇಟ್ ಕೆಳಗೆ ತಗಡು ಸೇರಿಸಿದರೆ ಮುಗಿಯಿತು. ಮೆಟ್ಟಿಲ ಎತ್ತರ ಎಲ್ಲೂ ಹೆಚ್ಚುಕಡಿಮೆ ಆಗದಂತೆ ನೋಡಿಕೊಳ್ಳಿ. ಒಂದೇ ಸೆಂಟಿಮೀಟರ್ ವ್ಯತ್ಯಾಸಕ್ಕೂ ಕಾಲು ಎಡವುತ್ತದೆ, ಅದರಲ್ಲೂ ಇಳಿಯುವಾಗ.

ಮನೆ ಗೋಡೆಗೋ ಜಗಲಿಗೋ ಮೆಟ್ಟಿಲನ್ನು ಕಟ್ಟಿಹಾಕಬೇಡಿ. ನೋಡಲು ಭದ್ರ ಅನ್ನಿಸುತ್ತದೆ. ನೆಲ ಜಾರಿದಾಗ ಅದು ಗೋಡೆಯನ್ನೇ ಎಳೆಯುತ್ತದೆ. ಎರಡು ಬೆರಳು ಸಂದು ಬಿಟ್ಟು ಮೇಲೆ ಒಂದು ಸಡಿಲ ತಗಡು ಮುಚ್ಚಿ.

ಮೆಟ್ಟಿಲಿಗೆ ಜಾಲರಿ ತಟ್ಟೆ ಹಾಕಿಸಿ. ಚೆಕರ್ ಪ್ಲೇಟ್, ಅಂದರೆ ಉಬ್ಬು ಗೆರೆಯ ಗಟ್ಟಿ ತಗಡು, ಅಗ್ಗ, ಆದರೆ ಪಾಚಿ ಕಟ್ಟಿದರೆ ವಯಸ್ಸಾದವರಿಗೆ ಅಪಾಯ. ಎಲ್ಲಾ ಕತ್ತರಿಸಿ, ತೂತು ಕೊರೆದು ಮುಗಿದ ಮೇಲೆ ಬಿಸಿ ಸತುವಿನಲ್ಲಿ ಅದ್ದಿಸಿ. ಮೊದಲೇ ಅದ್ದಿಸಿ ಆಮೇಲೆ ವೆಲ್ಡ್ ಮಾಡಿದರೆ ವೆಲ್ಡ್ ಆದ ಜಾಗದಿಂದಲೇ ತುಕ್ಕು ಶುರು.

ಪಾಯಕ್ಕೆ ತಿರುಪು ಕಂಬ ಸಿಕ್ಕರೆ ನೋಡಿ. ಉಕ್ಕಿನ ಕೊಳವೆಯ ತುದಿಗೆ ಸುರುಳಿ ತಟ್ಟೆ ಇರುತ್ತದೆ, ಸ್ಕ್ರೂ ಥರ ನೆಲಕ್ಕೆ ತಿರುಗಿಸಿ ಇಳಿಸುವುದು. ಗುಂಡಿ ಅಗೆಯಬೇಕಿಲ್ಲ, ಮಣ್ಣು ಹೊರಗೆ ಹಾಕಬೇಕಿಲ್ಲ. ಹೊಸ ಸಂಶೋಧನೆಯೇನೂ ಅಲ್ಲ. ಅಲೆಕ್ಸಾಂಡರ್ ಮಿಚೆಲ್ ಅನ್ನುವವರು 1833ರಲ್ಲಿ ಪೇಟೆಂಟ್ ಮಾಡಿದ್ದು, ಸಮುದ್ರದ ಮರಳು ದಿಬ್ಬದ ಮೇಲೆ ಹಡಗುಗಳಿಗೆ ದಾರಿ ತೋರುವ ದೀಪಸ್ತಂಭ ನಿಲ್ಲಿಸಲು ಬಳಸಿದರು. ಇಳಿಸುವಾಗ ಎಷ್ಟು ಬಲ ಬೇಕಾಯಿತು ಅನ್ನುವುದರಿಂದಲೇ ಎಷ್ಟು ಭಾರ ಹೊರುತ್ತದೆ ಅಂತ ಅಂದಾಜು ಸಿಗುತ್ತದೆ.

ಮಣ್ಣಿನ ಲೆಕ್ಕ ಸರ್, ಇದು ಜಾರುವ ಪದರ ದಾಟಿ ಹೋದರೆ ನಿಲ್ಲುತ್ತೆ ತಾನೇ?

ಮಣ್ಣಿನ_ಲೆಕ್ಕ:

ಕೆಳಕ್ಕೆ ಬೀಳುವ ಭಾರಕ್ಕೆ ನಿಲ್ಲುತ್ತದೆ. ಅಡ್ಡ ತಳ್ಳುವಿಕೆಗೆ ಅಷ್ಟು ಧೈರ್ಯ ಹೇಳಲಾರೆ. ಆಳದ ಪಾಯ ಅಂದ ಕೂಡಲೇ ಎಲ್ಲರೂ ಮರೆಯುವುದು ಇದನ್ನು. ಮೇಡಂ ಮೊದಲು ಕೇಳಿದ "ಆಳವಾದ ಪಾಯ ಸಾಕಾ" ಅನ್ನುವುದಕ್ಕೂ ಇದೇ ಉತ್ತರ. ಕಂಬದ ಕೆಳತುದಿ ಗಟ್ಟಿ ನೆಲದಲ್ಲಿ ಕಚ್ಚಿಕೊಂಡಿರುತ್ತದೆ, ಮೇಲಿನ ಒಂದೂವರೆ ಮೀಟರ್ ಮಣ್ಣು ಅದನ್ನು ತಳ್ಳುತ್ತಾ ಇರುತ್ತದೆ. ತಿರುಪು ಕಂಬದ ಕೊಳವೆ ತೆಳು, ಬಾಗುತ್ತದೆ. ಹಾಗಾಗಿ ನೀರು ಇಳಿಸಿ, ಜಾರುವಿಕೆ ನಿಂತದ್ದನ್ನು ಗೂಟ, ದಾರದಲ್ಲಿ ನೋಡಿದ ಮೇಲೆ ಇದು ಒಳ್ಳೆಯ ಆಯ್ಕೆ. ಜಾರುತ್ತಿರುವಾಗಲೇ ಹಾಕಿದರೆ ಅಲ್ಲ. ಅಡ್ಡ ಬಲಕ್ಕೆ ಕೆಲವು ಕಂಬಗಳನ್ನು ಓರೆಯಾಗಿ ಇಳಿಸುವ ಕ್ರಮವೂ ಇದೆ. ಎಷ್ಟು, ಯಾವ ಕೋನ ಅನ್ನುವುದನ್ನು ಎಂಜಿನಿಯರ್ ಲೆಕ್ಕ ಹಾಕಲಿ.

ನೀವು ಹೇಳಿದ ಉದ್ದ ತೂತು, ಬೇರೆ ಬೇರೆ ತುಂಡು, ಎರಡಕ್ಕೂ ನನ್ನ ಓಟು.

ಮೇಡಂ, ಬಂಡೆ ಕಡೆ ಗಟ್ಟಿ ನೆಲ ಸಿಕ್ಕರೆ ಅಲ್ಲಿ ಕಬ್ಬಿಣದ ಮೆಟ್ಟಿಲು ಹಾಕಿಸಿ, ಸಾಧಾರಣ ಕಾಂಕ್ರೀಟ್ ಕಟ್ಟೆಯೇ ಸಾಕಾಗಬಹುದು. ಸಿಗದಿದ್ದರೆ ಒಂದು ಮಳೆಗಾಲ ನೀರಿನ ಕೆಲಸ ಮಾತ್ರ ಮಾಡಿ, ಗೂಟ ನೋಡಿ, ಹಳೇ ಚಪ್ಪಡಿಗಳನ್ನು ಸರಿಪಡಿಸಿಕೊಂಡು ಒಂದು ಗಟ್ಟಿ ಕೈಹಿಡಿ ಹಾಕಿ ಸುಧಾರಿಸಿ. ಖಾಲಿ ಇಳಿಜಾರಿಗೆ ಲಾವಂಚ ನೆಡಿ. ಅದರ ಬೇರು ಅಡ್ಡ ಹರಡುವ ಬದಲು ನೆಟ್ಟಗೆ ಕೆಳಗಿಳಿಯುತ್ತದೆ, ಎರಡು ಮೂರು ಮೀಟರ್ ಹೋಗುತ್ತದೆ. ಆದರೆ ಅಷ್ಟು ಆಳಕ್ಕೆ ಹೋಗಲು ಕಾಲ ಬೇಕು, ಈ ವರ್ಷದ ಮಳೆಗೆ ಅದನ್ನು ನಂಬಿಕೊಳ್ಳಬೇಡಿ.

ಬಿರುಕಿನ ಗೂಟಗಳ ಅಂತರ ಒಂದು ಮಳೆಗೆ ಸೆಂಟಿಮೀಟರುಗಟ್ಟಲೆ ಹೆಚ್ಚಿದರೆ, ಬಿರುಕಿನ ಒಂದು ಬದಿ ತಗ್ಗಿ ಮೆಟ್ಟಿಲ ಹಾಗೆ ಕಂಡರೆ, ಬುಡದ ಒಸರು ಇದ್ದಕ್ಕಿದ್ದಂತೆ ಕೆಸರಾಗಿ ಬಂದರೆ ಅಥವಾ ಹಿಂಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳಲು ಶುರುವಾದರೆ ತೋಟಕ್ಕೆ ಇಳಿಯುವುದನ್ನು ನಿಲ್ಲಿಸಿ. ಹಿಂದಿನ ಕೋಣೆಯಲ್ಲಿ ಮಲಗಬೇಡಿ. ಎಂಜಿನಿಯರ್‌ಗೆ ಆಗಲೇ ಫೋನ್ ಮಾಡಿ, ಬೆಳಗಾಗಲಿ ಅಂತ ಕಾಯಬೇಡಿ.

ಇಳಿಜಾರಿನ_ಮನೆ:

ಪೈಪು ತಿರುಗಿಸಿಯಾಯಿತು ಸರ್. ಸದ್ಯಕ್ಕೆ ಮನೆ ಮುಂದಿನ ಚರಂಡಿಗೆ ಬಿಟ್ಟಿದ್ದೇವೆ. ಬಂಡೆ ಸುತ್ತ ಕೆದಕಿದೆವು. ಮೇಲಿನ ಎರಡು ಕಡೆ ಅಂಚು ಸಿಗಲಿಲ್ಲ, ಕೆಳಗಿನದು ಮಾತ್ರ ಗುಂಡು ಅಂತ ಕಾಣುತ್ತದೆ, ಕೆಳಗೆ ಮಣ್ಣು ಬಂತು. ಆ ಗುಂಡನ್ನು ತೆಗೆಸಬೇಕಾ, ಹಾಗೇ ಬಿಡಬೇಕಾ?

ಮಣ್ಣಿನ_ಲೆಕ್ಕ:

ಬಿಡಿ. ಅದು ಬುಡದಲ್ಲಿದೆ, ಭಾರವಾಗಿದೆ, ಇರಬೇಕಾದ ಕಡೆಯೇ ಇದೆ. ಅದರ ಮೇಲೆ ಕಂಬ ಮಾತ್ರ ಕೂರಿಸಬೇಡಿ, ಕೆಳಗಿನ ಕಟ್ಟೆಯನ್ನು ಅದರಿಂದ ಪಕ್ಕಕ್ಕೆ ಹಾಕಿಸಿ.